ಎತ್ತರವೊಂದೇ ಸಾಲದು: ವಿಸ್ಮಯ ಹುಟ್ಟುವ ಬಗೆ

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ, ಗೊಮ್ಮಟನ ಪ್ರಾಕಾರದ ಬಾಗಿಲ ಬಳಿ, 12ನೆಯ ಶತಮಾನದ ಕವಿ ಬೊಪ್ಪಣ ಪಂಡಿತನ ಕನ್ನಡ ಶಾಸನವೊಂದಿದೆ. ಅದರ ಒಂದು ಪದ್ಯದ ತಾತ್ಪರ್ಯ ಹೀಗಿದೆ: ಆಕೃತಿಯು ಬಹಳ ಎತ್ತರವಾಗಿದ್ದರೆ ಅದರಲ್ಲಿ ಸೌಂದರ್ಯ ಇರುವುದಿಲ್ಲ, ಎತ್ತರವೂ ಸೌಂದರ್ಯವೂ ಕೂಡಿಬಂದರೆ ಅತಿಶಯ ಇರುವುದಿಲ್ಲ, ಎತ್ತರ, ಸೌಂದರ್ಯ, ಅತಿಶಯ ಈ ಮೂರೂ ಒಂದೆಡೆ ನಿಂತ ಈ ಜಿನರೂಪಕ್ಕೆ ತಾನೇ ಉಪಮೆ. ಇದನ್ನು ಭಕ್ತನ ಸ್ತುತಿಯೆಂದು ಓದಿ ಮುಂದೆ ಹೋಗುವುದು ವಾಡಿಕೆ. ಆದರೆ ಪದ್ಯದ ನಡೆಯನ್ನು ಸ್ವಲ್ಪ ನಿಧಾನವಾಗಿ ಗಮನಿಸಿದರೆ, ಬೆಟ್ಟದ ಮೇಲೆ ತಲೆಯೆತ್ತಿ ನಿಂತ ಒಬ್ಬ ಮನುಷ್ಯ ತನಗೆ ಆದದ್ದೇನು ಎಂದು ಬಿಡಿಸಿ ನೋಡಲು ಮಾಡಿದ ಪ್ರಯತ್ನವೂ ಅದರಲ್ಲಿದೆ. ತನ್ನನ್ನು ಬೆರಗುಗೊಳಿಸಿದ್ದು ಕಲ್ಲಿನ ಗಾತ್ರವೇ, ಅದರ ಚೆಲುವೇ ಎಂದು ಕೇಳಿಕೊಂಡ ಕವಿಗೆ ಎರಡೂ ಸಾಲವೆನ್ನಿಸಿ, ಮೂರನೆಯದೊಂದನ್ನು ಹೆಸರಿಸಬೇಕಾಯಿತು. ವಿಸ್ಮಯವನ್ನು ಅಧ್ಯಯನ ಮಾಡುವ ಇಂದಿನ ಮನಶ್ಶಾಸ್ತ್ರಜ್ಞರು ಎದುರಿಸಿದ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ.

ಮೊದಲು ಮಾತಿನ ಗಡಿಗಳನ್ನು ಗುರುತಿಸಿಕೊಳ್ಳುವುದು ಒಳ್ಳೆಯದು. ಅಚ್ಚರಿ, ಸೋಜಿಗ, ಬೆರಗು, ವಿಸ್ಮಯ ಎಂಬ ಪದಗಳನ್ನು ನಾವು ಒಂದರ ಬದಲು ಇನ್ನೊಂದನ್ನು ಬಳಸುತ್ತೇವಾದರೂ ಅವುಗಳ ತೂಕ ಒಂದೇ ಅಲ್ಲ. ಹಳ್ಳಿಯ ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಅಚ್ಚರಿಯಾಗುತ್ತದೆ, ಬೆರಗಾಗುವುದಿಲ್ಲ. ಅಚ್ಚರಿಗೆ ನಿರೀಕ್ಷೆ ತಪ್ಪಿದರೆ ಸಾಕು, ಅದು ಕ್ಷಣದಲ್ಲಿ ಬಂದು ಕ್ಷಣದಲ್ಲಿ ಹೋಗುತ್ತದೆ. ಸೋಜಿಗದಲ್ಲಿ ಕುತೂಹಲದ ಪಾಲು ಹೆಚ್ಚು. ಇದು ಹೇಗಾಯಿತು ಎಂದು ಕೆದಕುವ ಮನಸ್ಸು ಅಲ್ಲಿ ಕೆಲಸ ಮಾಡುತ್ತಿರುತ್ತದೆ. ಬೆರಗು ಅಥವಾ ವಿಸ್ಮಯದಲ್ಲಾದರೋ ಮನಸ್ಸು ಕೆಲಸ ಮಾಡುವುದನ್ನು ಕೆಲಕಾಲ ನಿಲ್ಲಿಸಿಬಿಡುತ್ತದೆ. ಮಾತು ನಿಂತಿತು, ಕಾಲು ನಿಂತಿತು, ಬಿಟ್ಟ ಕಣ್ಣು ಬಿಟ್ಟಂತೆಯೇ ಇತ್ತು ಎಂದು ನಾವು ಹೇಳುವುದು ಈ ಸ್ಥಿತಿಯನ್ನೇ.

ಈ ಸ್ಥಿತಿಗೆ ಮನಶ್ಶಾಸ್ತ್ರದಲ್ಲಿ ಬಹುಕಾಲ ಜಾಗವಿರಲಿಲ್ಲ. ಭಯ, ಸಿಟ್ಟು, ದುಃಖಗಳ ಮೇಲೆ ರಾಶಿಗಟ್ಟಲೆ ಸಂಶೋಧನೆಗಳು ನಡೆದರೂ ವಿಸ್ಮಯವನ್ನು ಕವಿಗಳಿಗೂ ಧರ್ಮಗಳಿಗೂ ಬಿಟ್ಟುಕೊಡಲಾಗಿತ್ತು. ಅಮೆರಿಕದ ಡ್ಯಾಕರ್ ಕೆಲ್ಟ್ನರ್ ಮತ್ತು ಜೊನಾಥನ್ ಹೈಟ್ 2003ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಆ ಸ್ಥಿತಿಯನ್ನು ಬದಲಿಸಿತು. ಅವರ ಪ್ರಕಾರ ವಿಸ್ಮಯ ಹುಟ್ಟಲು ಎರಡು ಸಂಗತಿಗಳು ಕೂಡಬೇಕು. ಮೊದಲನೆಯದು ವೈಶಾಲ್ಯ: ಎದುರಿಗಿರುವುದು ನಮ್ಮ ಎಂದಿನ ಅಳವಿಗಿಂತ ತೀರ ದೊಡ್ಡದೆಂದು ಅನ್ನಿಸಬೇಕು. ಈ ದೊಡ್ಡತನ ಗಾತ್ರದ್ದೇ ಆಗಬೇಕೆಂದಿಲ್ಲ. ಅದು ಕಾಲದ್ದಾಗಬಹುದು, ಶಕ್ತಿಯದಾಗಬಹುದು, ಒಬ್ಬ ವ್ಯಕ್ತಿಯ ಪ್ರತಿಭೆಯದೋ ತ್ಯಾಗದ್ದೋ ಆಗಬಹುದು, ಒಂದೇ ಸೂತ್ರದಲ್ಲಿ ನೂರು ಘಟನೆಗಳನ್ನು ವಿವರಿಸಿಬಿಡುವ ವಿಜ್ಞಾನದ ಸಿದ್ಧಾಂತದ್ದೂ ಆಗಬಹುದು. ಎರಡನೆಯದು, ಆ ಅನುಭವವನ್ನು ಒಳಗೆ ಹಿಡಿಸಿಕೊಳ್ಳಲು ನಮ್ಮ ತಿಳಿವಳಿಕೆಯ ಚೌಕಟ್ಟನ್ನೇ ತಿದ್ದಿಕೊಳ್ಳಬೇಕಾದ ಅಗತ್ಯ.

ಎರಡನೆಯ ಮಾತಿಗೆ ಸ್ವಲ್ಪ ವಿವರಣೆ ಬೇಕು. ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ, ಕಲಿಕೆ ಎರಡು ಬಗೆಯಲ್ಲಿ ನಡೆಯುತ್ತದೆಂದು ಹೇಳಿದ್ದ. ಮನೆಯ ನಾಯಿಯನ್ನಷ್ಟೇ ಕಂಡ ಮಗು ಬೀದಿಯಲ್ಲಿ ಬೇರೊಂದು ನಾಯಿಯನ್ನು ಕಂಡಾಗ ಅದನ್ನೂ ನಾಯಿಯೆಂದೇ ಕರೆಯುತ್ತದೆ. ಹೊಸ ಅನುಭವ ಹಳೆಯ ಗೂಡಿನಲ್ಲಿ ಸಲೀಸಾಗಿ ಕೂರುತ್ತದೆ. ಅದೇ ಮಗು ಹಸುವಿನ ಕರುವನ್ನು ಕಂಡು ನಾಯಿಯೆಂದು ಕೂಗಿ, ಕರು ಅಂಬಾ ಎಂದಾಗ ಗೂಡು ಸಾಲುವುದಿಲ್ಲ. ನಾಲ್ಕು ಕಾಲಿನದೆಲ್ಲ ನಾಯಿ ಎಂಬ ತನ್ನ ಲೆಕ್ಕವನ್ನೇ ಅದು ಬದಲಿಸಿಕೊಳ್ಳಬೇಕಾಗುತ್ತದೆ. ದೊಡ್ಡವರಾದ ಮೇಲೆ ನಮ್ಮ ಬಹುಪಾಲು ದಿನಗಳು ಮೊದಲನೆಯ ಬಗೆಯಲ್ಲೇ ಕಳೆಯುತ್ತವೆ. ಕಂಡದ್ದಕ್ಕೆಲ್ಲ ನಮ್ಮಲ್ಲಿ ಗೂಡುಗಳು ಸಿದ್ಧವಾಗಿವೆ. ಆ ಗೂಡುಗಳು ಒಮ್ಮೆಲೇ ಸೋಲುವ ಅಪರೂಪದ ಗಳಿಗೆಯಲ್ಲಿ ನಮಗಾಗುವುದೇ ವಿಸ್ಮಯ ಎಂಬುದು ಈ ಸಂಶೋಧಕರ ವಾದ. ಬೊಪ್ಪಣನು ‘ಅತಿಶಯ’ ಎಂದದ್ದರಲ್ಲಿ ಪವಾಡದ ಅರ್ಥವೂ ಇತ್ತು. ಹಕ್ಕಿಗಳು ಮರೆತೂ ಈ ಮೂರ್ತಿಯ ಮೇಲೆ ಹಾರುವುದಿಲ್ಲ ಎಂಬ ಮಾತು ಅವನ ಶಾಸನದಲ್ಲೇ ಬರುತ್ತದೆ. ಆ ನಂಬಿಕೆಯನ್ನು ಪಕ್ಕಕ್ಕಿಟ್ಟು ನೋಡಿದರೂ, ನಮ್ಮ ಅಳತೆಗೋಲನ್ನು ಮೀರಿದ್ದು ಎಂಬ ಅದರ ತಿರುಳು ಉಳಿಯುತ್ತದೆ.

ಗೊಮ್ಮಟನ ವಿಷಯದಲ್ಲೇ ಈ ಅಳತೆಗೋಲು ಹೇಗೆ ಸೋಲುತ್ತದೆಂದು ನೋಡಬಹುದು. ಗಂಗರ ಮಂತ್ರಿ ಚಾವುಂಡರಾಯನು 10ನೆಯ ಶತಮಾನದ ಕೊನೆಗೆ ಬೆಟ್ಟದ ನೆತ್ತಿಯ ಒಂದೇ ಬಂಡೆಯಲ್ಲಿ ಕಡೆಯಿಸಿದ ಈ ಮೂರ್ತಿಯ ಎತ್ತರ ಸುಮಾರು 58 ಅಡಿ. ಬೆಂಗಳೂರಿನ ಯಾವುದೇ ಐದಾರು ಮಹಡಿಯ ಕಟ್ಟಡ ಅಷ್ಟು ಎತ್ತರವಿರುತ್ತದೆ, ಅದರ ಮುಂದೆ ನಾವು ತರಕಾರಿ ಕೊಳ್ಳುತ್ತಾ ನಿಂತಿರುತ್ತೇವೆ. ಹಾಗಾದರೆ ಬೆಟ್ಟದ ಮೇಲೆ ಬೇರೆಯದೇನು ನಡೆಯುತ್ತದೆ? ದೂರದ ರಸ್ತೆಯಿಂದಲೇ ಮೂರ್ತಿಯ ತಲೆ ಹೆಗಲು ಕಾಣುತ್ತವೆ. ಬಂಡೆಯಲ್ಲೇ ಕೊರೆದ ನೂರಾರು ಮೆಟ್ಟಿಲುಗಳನ್ನು ಹತ್ತುವಾಗ ಗೋಡೆಗಳೂ ಬಂಡೆಗಳೂ ಅದನ್ನು ಮರೆಮಾಡುತ್ತವೆ. ಏದುಸಿರು ಬಿಡುತ್ತಾ ಕೊನೆಯ ಬಾಗಿಲು ದಾಟಿದಾಗ, ಇಷ್ಟೇ ಜಾಗದಲ್ಲಿ ಇಷ್ಟು ದೊಡ್ಡದು ಇರಲಾರದು ಎನ್ನಿಸುವಷ್ಟು ಹತ್ತಿರದಲ್ಲಿ ಅದು ನಿಂತಿರುತ್ತದೆ. ಕಟ್ಟಡವನ್ನು ನಾವು ಕಟ್ಟಡದ ಅಳತೆಯಿಂದ ಅಳೆಯುತ್ತೇವೆ, ಮನುಷ್ಯನ ಮುಖವನ್ನು ಮನುಷ್ಯನ ಅಳತೆಯಿಂದ. ಇಲ್ಲಿ ಕಾಣುವುದು ಮುಖ, ತುಟಿಯಂಚಿನ ಮುಗುಳುನಗೆ, ಇಳಿಬಿಟ್ಟ ತೋಳುಗಳು, ತೊಡೆಗೂ ತೋಳಿಗೂ ಹಬ್ಬಿದ ಮಾಧವೀಲತೆ, ಎಲ್ಲವೂ ಪರಿಚಿತ. ಆದರೆ ಭುಜದಿಂದ ಭುಜಕ್ಕೆ 26 ಅಡಿ. ಪರಿಚಿತವಾದ ರೂಪ ಅಪರಿಚಿತವಾದ ಪ್ರಮಾಣದಲ್ಲಿ ಎದುರಾದಾಗ ನಮ್ಮ ಎರಡು ಅಳತೆಗೋಲುಗಳು ಒಂದನ್ನೊಂದು ಅಲ್ಲಗಳೆಯುತ್ತವೆ. ಜೊತೆಗೆ ಅದರ ಮೇಲೆ ಅಲಂಕಾರವಿಲ್ಲ, ಆಯುಧವಿಲ್ಲ, ಯಾರನ್ನೂ ಹೆದರಿಸುವ ಭಂಗಿಯಿಲ್ಲ. ಇತ್ತೀಚೆಗೆ ಊರೂರುಗಳಲ್ಲಿ ಏಳುತ್ತಿರುವ ಭಾರಿ ಸಿಮೆಂಟಿನ ಮೂರ್ತಿಗಳಲ್ಲಿ ಕೆಲವು ಇದಕ್ಕಿಂತ ಬಹಳ ಎತ್ತರ. ಅವುಗಳ ಎದುರು ನಿಂತಾಗ ನಮಗೆ ಎಷ್ಟು ಅಡಿ, ಎಷ್ಟು ಖರ್ಚು ಎಂದು ಕೇಳಬೇಕೆನ್ನಿಸುತ್ತದೆಯೇ ಹೊರತು ಬಾಯಿ ಕಟ್ಟುವುದಿಲ್ಲ. ಬೊಪ್ಪಣನ ಮೊದಲ ಸಾಲನ್ನು ಅವುಗಳ ಪೀಠದ ಮೇಲೆ ಬರೆಸಬಹುದು.

ಬಾಯಿ ಕಟ್ಟುವುದು, ಮೈ ನವಿರೇಳುವುದು ಬರಿಯ ಮಾತಿನ ಅಲಂಕಾರಗಳಲ್ಲ. ಈ ಭಾವ ದೇಹದಲ್ಲಿ ಹೇಗೆ ತೋರುತ್ತದೆಂಬುದನ್ನು ಬಹುಶಃ ಎಲ್ಲರಿಗಿಂತ ಮೊದಲು ಪಟ್ಟಿ ಮಾಡಿದವನು ಭರತ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹೇಳಿರುವ ಎಂಟು ರಸಗಳಲ್ಲಿ ಅದ್ಭುತವೂ ಒಂದು, ಅದರ ಸ್ಥಾಯಿಭಾವ ವಿಸ್ಮಯ. ದಿವ್ಯರನ್ನು ಕಾಣುವುದು, ಬಯಸಿದ್ದು ಕೈಗೂಡುವುದು, ಉಪವನ ದೇವಾಲಯಗಳಿಗೆ ಹೋಗುವುದು, ಸಭೆ, ವಿಮಾನ, ಮಾಯೆ, ಇಂದ್ರಜಾಲಗಳನ್ನು ನೋಡುವುದು ಇದಕ್ಕೆ ಕಾರಣಗಳೆಂದು ಅವನು ಹೇಳುತ್ತಾನೆ. ಅಭಿನಯದಲ್ಲಿ ಇದನ್ನು ತೋರಿಸುವ ಬಗೆಯೆಂದರೆ ಕಣ್ಣರಳಿಸುವುದು, ಎವೆಯಿಕ್ಕದೆ ನೋಡುವುದು, ರೋಮಾಂಚ, ಕಣ್ಣೀರು, ಬೆವರು, ಹರ್ಷ, ಭಲೇ ಎಂಬ ಮೆಚ್ಚುನುಡಿ, ದಾನ, ಹಾಹಾಕಾರ. ವಿಸ್ಮಯದ ಮುಖಚರ್ಯೆಯನ್ನು ಅಧ್ಯಯನ ಮಾಡಿದ ಇತ್ತೀಚಿನ ಸಂಶೋಧಕರು ಕೂಡ ಅರಳಿದ ಕಣ್ಣು, ಮೇಲಕ್ಕೇರಿದ ಹುಬ್ಬು, ತುಸು ತೆರೆದ ಬಾಯಿ, ಒಳಕ್ಕೆಳೆದ ಉಸಿರು ಇವನ್ನೇ ಗುರುತಿಸಿದ್ದಾರೆ. ಭರತನ ಪಟ್ಟಿಯಲ್ಲಿ ಎದ್ದು ಕಾಣುವ ಪದ ‘ದಾನ’. ಕಣ್ಣು, ರೋಮ, ಬೆವರುಗಳ ನಡುವೆ ಅದು ಏಕೆ ಬಂತು? ರಂಗದ ಮೇಲೆ ಬೆರಗಾದ ಅರಸ ಕೊರಳಹಾರ ತೆಗೆದು ಕೊಡುವ ದೃಶ್ಯ ಅವನ ಕಣ್ಣ ಮುಂದಿದ್ದಿರಬೇಕು. ಈ ಪದಕ್ಕೆ ನಾವು ಮತ್ತೆ ಬರಬೇಕಾಗುತ್ತದೆ.

ರೋಮಾಂಚದ ವಿಷಯದಲ್ಲಿ ಒಂದು ವಿಚಿತ್ರವಿದೆ. ಪ್ರತಿಯೊಂದು ಕೂದಲಿನ ಬುಡದಲ್ಲೂ ಒಂದು ಸಣ್ಣ ಸ್ನಾಯುವಿದ್ದು, ನಮ್ಮ ಇಚ್ಛೆಗೆ ಒಳಪಡದ ನರಮಂಡಲದ ಪ್ರಚೋದನೆಯಿಂದ ಅದು ಬಿಗಿದಾಗ ಕೂದಲು ನೆಟ್ಟಗಾಗುತ್ತದೆ. ಮೈತುಂಬ ರೋಮವಿರುವ ಪ್ರಾಣಿಗಳಿಗೆ ಇದರಿಂದ ಎರಡು ಉಪಯೋಗ: ಚಳಿಯಲ್ಲಿ ಬೆಚ್ಚಗಿನ ಗಾಳಿಯ ಪದರ ಮೈಗಂಟಿಕೊಂಡಿರುತ್ತದೆ, ಶತ್ರು ಎದುರಾದಾಗ ಮೈ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಾಯಿಯ ಎದುರು ಬೆನ್ನು ಕಮಾನಾಗಿಸಿದ ಬೆಕ್ಕನ್ನು ನೋಡಿದವರಿಗೆ ಇದು ಗೊತ್ತು. ನಮ್ಮ ಮೈಯ ರೋಮ ವಿರಳವಾಗಿದೆ, ಸ್ನಾಯು ಮಾತ್ರ ಉಳಿದುಕೊಂಡಿದೆ. ತಾನು ದೊಡ್ಡವನೆಂದು ತೋರಿಸಿಕೊಳ್ಳಲು ಪ್ರಾಣಿಗೆ ಒದಗಿದ್ದ ಸಾಧನವೇ, ತಾನು ಎಷ್ಟು ಚಿಕ್ಕವನೆಂದು ಮನುಷ್ಯನಿಗೆ ಅನ್ನಿಸುವ ಗಳಿಗೆಯಲ್ಲಿ ಕೆಲಸಕ್ಕೆ ಬರುತ್ತದೆ.

ಚಿಕ್ಕವನಾಗುವ ಈ ಅನುಭವವೇ ವಿಸ್ಮಯದ ನಡುಗಂಬ ಎಂದು ಅನೇಕ ಸಂಶೋಧಕರು ಭಾವಿಸಿದ್ದಾರೆ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯ ಮುಂದೆ ನಿಂತ ಪ್ರವಾಸಿಗರಿಗೂ, ಸ್ಯಾನ್ ಫ್ರಾನ್ಸಿಸ್ಕೋದ ಗಜಿಬಿಜಿಯ ಬಂದರುಪೇಟೆಯಲ್ಲಿದ್ದವರಿಗೂ ಹಾಳೆ ಕೊಟ್ಟು ನಿಮ್ಮನ್ನು ನೀವು ಚಿತ್ರಿಸಿಕೊಳ್ಳಿ ಎಂದಾಗ, ಕಣಿವೆಯ ಮುಂದಿದ್ದವರು ತಮ್ಮನ್ನು ಹೆಚ್ಚು ಚಿಕ್ಕದಾಗಿ ಬರೆದುಕೊಂಡರು. ಈ ಅಧ್ಯಯನ ಪ್ರಕಟವಾದದ್ದು 2017ರಲ್ಲಿ. ನೆದರ್ಲೆಂಡ್ಸ್‌ನ ಸಂಶೋಧಕರು 2019ರಲ್ಲಿ ಮಿದುಳಿನ ಚಿತ್ರಣದ ಮೂಲಕ ಕಂಡದ್ದೂ ಇದಕ್ಕೆ ಹೊಂದುತ್ತದೆ: ವಿಸ್ಮಯ ಹುಟ್ಟಿಸುವ ದೃಶ್ಯಗಳನ್ನು ನೋಡುವಾಗ, ನಾವು ನಮ್ಮ ಬಗ್ಗೆ ನಾವೇ ಯೋಚಿಸುತ್ತಾ ಕೂತಾಗ ಚುರುಕಾಗಿರುವ ಮಿದುಳಿನ ಜಾಲದ ಚಟುವಟಿಕೆ ತಗ್ಗುತ್ತದೆ. ನನ್ನ ಸಾಲ, ನನ್ನ ಬಡ್ತಿ, ನನ್ನ ಬಗ್ಗೆ ಅವರು ಆಡಿದ ಮಾತು ಎಂದು ದಿನವಿಡೀ ಒಳಗೆ ನಡೆಯುವ ಗೊಣಗಾಟ ತುಸು ಹೊತ್ತು ಸುಮ್ಮನಾಗುತ್ತದೆ. ಸಂಸ್ಕೃತದಲ್ಲಿ ‘ಸ್ಮಯ’ ಎಂದರೆ ಗರ್ವ ಎಂಬ ಅರ್ಥವೂ ಉಂಟು, ಹಾಗಾಗಿ ಗರ್ವವಿಲ್ಲದವನು ಎಂಬರ್ಥದಲ್ಲೂ ‘ವಿಸ್ಮಯ’ ಶಬ್ದ ನಿಘಂಟಿನಲ್ಲಿ ಸಿಗುತ್ತದೆ. ಭಾವದ ಹೆಸರಾದ ವಿಸ್ಮಯದ ವ್ಯುತ್ಪತ್ತಿ ಅದಲ್ಲವಾದರೂ, ಎರಡು ಅರ್ಥಗಳು ಒಂದೇ ಶಬ್ದದಲ್ಲಿ ಬಂದು ಸೇರಿದ್ದು ನನಗೆ ಇಷ್ಟವಾದ ಆಕಸ್ಮಿಕ.

ಇನ್ನು ಭರತನ ‘ದಾನ’. ಬರ್ಕಲಿಯ ವಿಶ್ವವಿದ್ಯಾಲಯದ ಆವರಣದಲ್ಲಿ 200 ಅಡಿ ಮೀರಿದ ನೀಲಗಿರಿ ಮರಗಳ ತೋಪೊಂದಿದೆ. ಕೋಲಾರದ ಸೀಮೆಯಲ್ಲಿ ನೀಲಗಿರಿ ತೋಪುಗಳು ಅಂತರ್ಜಲ ಹೀರಿದ್ದನ್ನು ಕಂಡವರಿಗೆ ಆ ಮರದಿಂದ ವಿಸ್ಮಯವೇ ಎಂದು ನಗು ಬರಬಹುದು. ಅಲ್ಲಿಯವು ಕಡಿಯದೆ ಬೆಳೆಯಲು ಬಿಟ್ಟ ಹಳೆಯ ಮರಗಳು. ಪಾಲ್ ಪಿಫ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಲವು ವಿದ್ಯಾರ್ಥಿಗಳು ಒಂದು ನಿಮಿಷ ತಲೆಯೆತ್ತಿ ಆ ಮರಗಳನ್ನು ನೋಡಿದರು. ಉಳಿದವರು ಅದೇ ಜಾಗದಲ್ಲಿ ನಿಂತು ಪಕ್ಕದ ಕಟ್ಟಡವನ್ನು ನೋಡಿದರು. ಆಮೇಲೆ ಪ್ರಯೋಗ ನಡೆಸುವವರಲ್ಲೊಬ್ಬರು ಕೈತಪ್ಪಿದಂತೆ ಪೆನ್ನುಗಳನ್ನು ಕೆಳಗೆ ಬೀಳಿಸಿದಾಗ, ಮರ ನೋಡಿದವರು ಹೆಚ್ಚು ಪೆನ್ನುಗಳನ್ನು ಎತ್ತಿಕೊಟ್ಟರು. ವಿಸ್ಮಯ ಅನುಭವಿಸಿದವರಿಗೆ ತಮ್ಮ ಬಳಿ ಸಮಯ ಹೆಚ್ಚಿದೆಯೆಂದು ಅನ್ನಿಸುತ್ತದೆ, ಪರರಿಗಾಗಿ ಸಮಯ ಕೊಡಲು ಅವರು ಹೆಚ್ಚು ಸಿದ್ಧರಿರುತ್ತಾರೆ ಎಂದು 2012ರ ಇನ್ನೊಂದು ಅಧ್ಯಯನ ಹೇಳಿತ್ತು. ಇಂಥ ಪ್ರಯೋಗಗಳನ್ನು ಓದುವಾಗ ಎಚ್ಚರವೂ ಬೇಕು. ನಾಲ್ಕು ಪೆನ್ನು ಎತ್ತಿಕೊಟ್ಟವನು ಮನೆಗೆ ಹೋಗಿ ಉದಾರಿಯಾದನೇ ಎಂಬುದನ್ನು ಯಾರೂ ಅಳೆದಿಲ್ಲ. ಪ್ರಯೋಗಶಾಲೆಯ ವಿಡಿಯೊ ತುಣುಕು ಹುಟ್ಟಿಸುವ ಬೆರಗು ಬೆಟ್ಟದ ಮೇಲಿನ ಬೆರಗಿನ ನೆರಳಷ್ಟೇ. ಆದರೂ, ತಾನು ಕುಗ್ಗಿದಾಗ ಕೈ ಬಿಚ್ಚುತ್ತದೆ ಎಂಬ ಒಂದೇ ದಿಕ್ಕಿಗೆ ರಂಗಶಾಸ್ತ್ರದ ಪಟ್ಟಿಯೂ ಪೆನ್ನಿನ ಲೆಕ್ಕವೂ ಕೈತೋರುವುದನ್ನು ಕಡೆಗಣಿಸುವಂತಿಲ್ಲ.

ಯಾವುದು ಹೆಚ್ಚಾಗಿ ಬೆರಗು ಹುಟ್ಟಿಸುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಬಹುತೇಕರು ಬೆಟ್ಟ, ಕಡಲು, ಜಲಪಾತ ಎನ್ನುತ್ತೇವೆ. ಕೆಲ್ಟ್ನರ್ ತಂಡವು 26 ದೇಶಗಳ ಜನರಿಂದ ಅವರವರ ಅನುಭವಗಳನ್ನು ಬರೆಯಿಸಿಕೊಂಡಾಗ ಬಂದ ಉತ್ತರ ಬೇರೆಯಾಗಿತ್ತು. ನಿಸರ್ಗ, ಸಂಗೀತ, ಕಲೆ, ಅಧ್ಯಾತ್ಮ, ಹುಟ್ಟುಸಾವು, ಜನಸ್ತೋಮದ ಒಕ್ಕೊರಲು, ಹೊಸ ಅರಿವಿನ ಹೊಳಹು ಇವೆಲ್ಲ ಅಲ್ಲಿದ್ದವು. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಜನ ಬರೆದದ್ದು ಇನ್ನೊಬ್ಬ ಮನುಷ್ಯನ ಧೈರ್ಯ, ಕರುಣೆ, ಕಷ್ಟಸಹಿಷ್ಣುತೆಗಳ ಬಗ್ಗೆ. ಇದು ಸಂಶೋಧಕರಿಗೂ ಅನಿರೀಕ್ಷಿತವಾಗಿದ್ದಿರಬಹುದು, ಭರತನಿಗಂತೂ ಆಗುತ್ತಿರಲಿಲ್ಲ. ಎಂಟು ರಸಗಳಲ್ಲಿ ನಾಲ್ಕನ್ನು ಮೂಲವೆಂದೂ, ಉಳಿದ ನಾಲ್ಕು ಅವುಗಳಿಂದ ಹುಟ್ಟುವುವೆಂದೂ ಅವನು ಹೇಳುತ್ತಾನೆ: ಶೃಂಗಾರದಿಂದ ಹಾಸ್ಯ, ರೌದ್ರದಿಂದ ಕರುಣ, ಬೀಭತ್ಸದಿಂದ ಭಯಾನಕ, ವೀರದಿಂದ ಅದ್ಭುತ. ಬೆಟ್ಟದಿಂದಲೋ ಕಡಲಿನಿಂದಲೋ ಅದ್ಭುತ ಹುಟ್ಟುತ್ತದೆಂದು ಅವನು ಹೇಳಲಿಲ್ಲ. ವೀರದ ಕರ್ಮವೇ ಅದ್ಭುತ ಎಂದ. ಯುದ್ಧದಲ್ಲಿ ತೋರುವ ವೀರಕ್ಕೆ ಮಾತ್ರ ಇದು ಸಲ್ಲಬೇಕಾಗಿಲ್ಲ, ದಾನವೀರ ಧರ್ಮವೀರರೂ ನಮ್ಮ ಪರಂಪರೆಯಲ್ಲಿ ವೀರರೇ. ಯಕ್ಷಗಾನದಲ್ಲಿ ಕರ್ಣ ಕವಚವನ್ನು ಕೊಯ್ದುಕೊಡುವಾಗ ಬಯಲಿನಲ್ಲಿ ಕುಳಿತ ನೂರಾರು ಜನ ಉಸಿರು ಬಿಗಿಹಿಡಿಯುವುದು ಅವನ ಬಾಹುಬಲಕ್ಕಲ್ಲ. ಗೊಮ್ಮಟನ ಕಥೆಯಲ್ಲೂ ಬಾಹುಬಲಿಯು ಅಣ್ಣ ಭರತ ಚಕ್ರವರ್ತಿಯನ್ನು ಗೆದ್ದದ್ದಕ್ಕಿಂತ, ಗೆದ್ದ ಕೈಯಲ್ಲೇ ರಾಜ್ಯವನ್ನು ಬಿಟ್ಟುಕೊಟ್ಟದ್ದು ದೊಡ್ಡದು. ಕಥೆ ತಿಳಿದು ಬೆಟ್ಟ ಹತ್ತಿದವನಿಗೆ 58 ಅಡಿಯ ಕಲ್ಲಿನ ಜೊತೆಗೆ ಆ ಬಿಟ್ಟುಕೊಡುವಿಕೆಯೂ ಕಾಣುತ್ತದೆ, ಬೊಪ್ಪಣನ ಅತಿಶಯದಲ್ಲಿ ಅದರ ಪಾಲೂ ಇದೆಯೆಂದು ನಾನು ಭಾವಿಸುತ್ತೇನೆ.

ವಿಸ್ಮಯದ ಪಕ್ಕದಲ್ಲೇ ಭಯವಿದೆ. ಇಂಗ್ಲಿಷಿನಲ್ಲಿ ಈ ಭಾವಕ್ಕಿರುವ ಪದದ ಹಳೆಯ ಅರ್ಥವೇ ಭಯ. ಕನ್ನಡದ ‘ಭಯಭಕ್ತಿ’ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ವಿಶ್ವರೂಪವನ್ನು ಕಂಡ ಅರ್ಜುನ ಮೊದಲು ವಿಸ್ಮಯದಿಂದ ರೋಮಾಂಚಗೊಳ್ಳುತ್ತಾನೆ. ಕೊನೆಗೆ, ಹಿಂದೆ ಕಾಣದ್ದನ್ನು ಕಂಡು ಹರ್ಷವಾಗಿದೆ, ಆದರೆ ಭಯದಿಂದ ಮನಸ್ಸು ತಲ್ಲಣಿಸಿದೆ, ನಿನ್ನ ಆ ಪರಿಚಿತ ರೂಪವನ್ನೇ ತೋರಿಸು ಎಂದು ಬೇಡಿಕೊಳ್ಳುತ್ತಾನೆ. ತಿಳಿವಳಿಕೆಯ ಗೂಡು ಮುರಿದಾಗ ಹೊಸದು ಕಟ್ಟಿಕೊಳ್ಳಲಾಗದವನ ಮೊರೆ ಅದು. ಐರೋಪ್ಯ ಚಿಂತಕರಲ್ಲಿ ಎಡ್ಮಂಡ್ ಬರ್ಕ್ 1757ರಲ್ಲಿ ಭವ್ಯತೆಯ ಬೇರು ಭೀತಿಯಲ್ಲೇ ಇದೆಯೆಂದು ವಾದಿಸಿದ. 1790ರಲ್ಲಿ ಇಮ್ಯಾನುಯೆಲ್ ಕಾಂಟ್ ಒಂದು ಮುಖ್ಯ ಷರತ್ತು ಸೇರಿಸಿದ: ಗುಡುಗುವ ಮೋಡ, ಜ್ವಾಲಾಮುಖಿ, ದೊಡ್ಡ ನದಿಯ ಧುಮುಕು ಇವು ಭವ್ಯವೆನಿಸಬೇಕಾದರೆ ನೋಡುವವನು ಸುರಕ್ಷಿತವಾದ ಜಾಗದಲ್ಲಿರಬೇಕು. ಮಳೆಗಾಲದಲ್ಲಿ ಜೋಗಕ್ಕೆ ಹೋದವರು ಕಾಂಟನನ್ನು ಓದದೆಯೂ ಇದನ್ನು ಬಲ್ಲರು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ 830 ಅಡಿ ಕೆಳಗೆ ಬೀಳುವುದನ್ನು ಎದುರುದಡದ ಕಟಾಂಜನ ಹಿಡಿದು ನೋಡುವವನಿಗೆ ಅದು ಅದ್ಭುತ. ಮೇಲಿನ ಹರಿವಿಗೆ ಸಿಕ್ಕವನಿಗೆ ಅಲ್ಲ.

ಸುರಕ್ಷತೆಯ ಭಾವ ಎಷ್ಟು ಮಟ್ಟಿಗೆ ತಿಳಿವಳಿಕೆಯಿಂದ ಬರುತ್ತದೆಂಬುದಕ್ಕೆ ನಮ್ಮಲ್ಲೇ ಒಂದು ನಿದರ್ಶನವಿದೆ. 1980ರ ಫೆಬ್ರುವರಿ 16ರ ಮಧ್ಯಾಹ್ನ ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆಯ ಕರಾವಳಿಯಿಂದ ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ವಿಜ್ಞಾನಿಗಳು ಎಲ್ಲೆಲ್ಲಿಂದಲೋ ಉಪಕರಣಗಳನ್ನು ಹೊತ್ತು ಬಂದು ಕಾದರು. ಅದೇ ಹೊತ್ತಿನಲ್ಲಿ ಊರುಗಳ ಬೀದಿಗಳು ಬರಿದಾಗಿದ್ದವು. ನೀರಿನ ಕೊಡಕ್ಕೂ ಉಪ್ಪಿನಕಾಯಿ ಭರಣಿಗೂ ದರ್ಭೆ ಹಾಕಿ, ಬಸುರಿಯರನ್ನು ಒಳಗಿನ ಕೋಣೆಯಲ್ಲಿ ಕೂರಿಸಿ, ಜನ ಬಾಗಿಲು ಹಾಕಿಕೊಂಡಿದ್ದರು. ಬರಿಗಣ್ಣಿಗೆ ಅಪಾಯವಿದೆಯೆಂಬ ಎಚ್ಚರಿಕೆ ಸರಿಯಾದದ್ದೇ. ಆದರೆ ಸೂರ್ಯ ಪೂರ್ತಿ ಮುಚ್ಚಿದ ಆ ಎರಡು ನಿಮಿಷಕ್ಕೂ ಹೆಚ್ಚಿನ ಅವಧಿಯಲ್ಲಿ, ಹಗಲಲ್ಲೇ ನಕ್ಷತ್ರ ಕಂಡಾಗ, ಸೂರ್ಯನ ಪ್ರಭಾವಲಯ ಬಿಳಿಯ ಹೂವಿನಂತೆ ಅರಳಿದಾಗ, ಅದನ್ನು ನೋಡಲು ಹೊರಗಿದ್ದವರು ಕೆಲವರೇ. ಒಂದೇ ನೆರಳು ಒಳಗಿದ್ದವರಿಗೆ ಭಯವನ್ನೂ ಹೊರಗಿದ್ದವರಿಗೆ ವಿಸ್ಮಯವನ್ನೂ ಹಂಚಿತು. ಅಮೆರಿಕದಲ್ಲಿ 2017ರ ಪೂರ್ಣಗ್ರಹಣದ ವೇಳೆ ಲಕ್ಷಾಂತರ ಟ್ವಿಟರ್ ಬಳಕೆದಾರರ ಬರಹಗಳನ್ನು ಪರಿಶೀಲಿಸಿದ ಸಂಶೋಧಕರು, ನೆರಳಿನ ಹಾದಿಯಲ್ಲಿದ್ದವರು ಹೆಚ್ಚು ವಿಸ್ಮಯ ವ್ಯಕ್ತಪಡಿಸಿದ್ದನ್ನೂ, ಅವರ ಮಾತಿನಲ್ಲಿ ‘ನಾನು’ ಕಡಿಮೆಯಾಗಿ ‘ನಾವು’ ಹೆಚ್ಚಿದ್ದನ್ನೂ ಗಮನಿಸಿದ್ದಾರೆ.

ತಿಳಿದುಕೊಂಡರೆ ಬೆರಗು ಸಾಯುತ್ತದೆ ಎಂಬ ಅಳುಕು ಕೆಲವರಿಗಿದೆ. ಇಂದ್ರಜಾಲದ ವಿಷಯದಲ್ಲಿ ಅದು ನಿಜ: ಕೈಚಳಕದ ಗುಟ್ಟು ತಿಳಿದ ಮೇಲೆ ಉಳಿಯುವುದು ಮೆಚ್ಚುಗೆ ಮಾತ್ರ. ಉಳಿದ ಕಡೆ ಅನೇಕ ಸಲ ತಿಳಿವಳಿಕೆಯಿಂದಲೇ ಬೆರಗು ಹುಟ್ಟುತ್ತದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮೇಲೆ ದಿನವೂ ಸಾವಿರಾರು ಜನ ನಡೆಯುತ್ತಾರೆ. ಕೆಂಪೇಗೌಡರ ಗೋಪುರದ ನೆರಳಿನಲ್ಲಿ ಕುಳಿತು ಕಡಲೆಕಾಯಿ ತಿಂದು ಸಿಪ್ಪೆ ಚೆಲ್ಲುತ್ತಾರೆ. ಕಣ್ಣಿಗೆ ಅದು ಬೂದುಬಣ್ಣದ ಒಂದು ದಿಣ್ಣೆ, ಅಷ್ಟೇ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಎಂದು ತಿಳಿದಾಗ ಅಂಗಾಲಿನ ಕೆಳಗೆ ಏನೋ ಬದಲಾಗುತ್ತದೆ. ಆ ಬಂಡೆ ರೂಪುಗೊಂಡಾಗ ಭೂಮಿಯ ಮೇಲೆ ಮರವಿರಲಿಲ್ಲ, ಮೀನಿರಲಿಲ್ಲ, ಉಸಿರಾಡಲು ಬೇಕಾದಷ್ಟು ಆಮ್ಲಜನಕವೂ ಗಾಳಿಯಲ್ಲಿರಲಿಲ್ಲ. ಮನುಷ್ಯಜಾತಿಯ ಮೂರು ಲಕ್ಷ ವರ್ಷಗಳನ್ನು ಒಂದು ದಿನವೆಂದು ಎಣಿಸಿದರೆ ಈ ಬಂಡೆಗೆ ಹತ್ತು ಸಾವಿರ ದಿನ, ಅಂದರೆ 27 ವರ್ಷ ದಾಟಿದ ವಯಸ್ಸು. ಇಲ್ಲಿ ಎತ್ತರವೂ ಇಲ್ಲ, ಸೌಂದರ್ಯವೂ ಅಷ್ಟಕ್ಕಷ್ಟೇ. ಬೊಪ್ಪಣನ ಮೂರನೆಯದು ಒಂದೇ ಇದೆ, ಅದೂ ಕಣ್ಣಿಗೆ ಕಾಣದೆ ಲೆಕ್ಕದ ಮೂಲಕ ಬರುತ್ತದೆ.

ಬೆರಗನ್ನು ನಿಜವಾಗಿ ಕೊಲ್ಲುವುದು ರೂಢಿ. ಗೂಡು ಒಮ್ಮೆ ದೊಡ್ಡದಾದ ಮೇಲೆ ಅದೇ ಅನುಭವ ಅದರಲ್ಲಿ ಆರಾಮವಾಗಿ ಕೂರುತ್ತದೆ. ಆದ್ದರಿಂದ ಜೋಗದ ಅಂಗಡಿಯವನು ಜಲಪಾತಕ್ಕೆ ಬೆನ್ನುಹಾಕಿ ಚಹಾ ಸೋಸುವುದರಲ್ಲಿ ತಪ್ಪೇನಿಲ್ಲ. ಗುಂಪಿನ ಗದ್ದಲವೂ ಒಂದು ಕಾರಣ. ವಿಜಯಪುರದ ಗೋಳಗುಮ್ಮಟದಲ್ಲಿ ಗುಮ್ಮಟದ ಸುತ್ತಿನ ಮೊಗಸಾಲೆಯ ಒಂದು ಬದಿಯಲ್ಲಿ ಪಿಸುಗುಟ್ಟಿದ್ದು ಎದುರುಬದಿಯಲ್ಲಿ ಕಿವಿಯಲ್ಲೇ ಹೇಳಿದಂತೆ ಕೇಳುತ್ತದೆ. 17ನೆಯ ಶತಮಾನದಲ್ಲಿ ಅದನ್ನು ಕಟ್ಟಿದವರ ಕೌಶಲವನ್ನು ಕಿವಿಯಿಂದಲೇ ಅರಿಯಬಹುದಾದ ಜಾಗ ಅದು. ಆದರೆ ರಜೆಯ ದಿನ ಹೋದವರಿಗೆ ನಾಲ್ಕು ಶಾಲೆಯ ಮಕ್ಕಳು ಒಟ್ಟಿಗೆ ಕೂಗುವ ಕೂಗು ಏಳೆಂಟು ಪಟ್ಟಾಗಿ ಮರಳುವುದಷ್ಟೇ ಕೇಳಿಸುತ್ತದೆ. ಪಿಸುಮಾತು ಕೇಳಬೇಕಾದರೆ ಬೆಳಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಹೋಗಬೇಕು.

ಮೊಬೈಲ್ ಕ್ಯಾಮೆರಾವನ್ನು ಬೈಯುವುದು ಇಂಥ ಬರಹಗಳ ಸಂಪ್ರದಾಯ. ಆದರೆ ಒಂದು ಅಧ್ಯಯನ ಅದನ್ನೇ ಅಳತೆಯ ಸಾಧನವಾಗಿ ಬಳಸಿಕೊಂಡಿತು. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹಿರಿಯ ವಯಸ್ಸಿನ ಕೆಲವರು ಎಂಟು ವಾರಗಳ ಕಾಲ ವಾರಕ್ಕೊಮ್ಮೆ 15 ನಿಮಿಷ ನಡೆದುಬಂದರು. ಅರ್ಧದಷ್ಟು ಜನರಿಗೆ ಸುಮ್ಮನೆ ನಡೆಯಿರಿ ಎಂದಷ್ಟೇ ಹೇಳಲಾಗಿತ್ತು. ಉಳಿದವರಿಗೆ, ಆದಷ್ಟು ಹೊಸ ಜಾಗಗಳಿಗೆ ಹೋಗಿ, ಮಗುವಿನ ಕಣ್ಣಿನಿಂದ ನೋಡಿ, ಬೆರಗಾಗಬಲ್ಲ ಏನಾದರೂ ಇದೆಯೇ ಎಂದು ಹುಡುಕಿ ಎಂದು ಸೂಚಿಸಲಾಗಿತ್ತು. ಪ್ರತಿ ನಡಿಗೆಯಲ್ಲೂ ಅವರು ಸೆಲ್ಫಿಗಳನ್ನು ತೆಗೆದುಕೊಳ್ಳಬೇಕಿತ್ತು. ವಾರಗಳು ಕಳೆದಂತೆ ಎರಡನೆಯ ಗುಂಪಿನವರ ಚಿತ್ರಗಳಲ್ಲಿ ಅವರ ಸ್ವಂತ ಆಕೃತಿ ತೆಗೆದುಕೊಳ್ಳುತ್ತಿದ್ದ ಜಾಗ ಕಡಿಮೆಯಾಗುತ್ತಾ ಹೋಯಿತು, ಹಿಂದಿನ ಮರ, ಬೀದಿ, ಆಕಾಶಗಳು ಹೆಚ್ಚು ಜಾಗ ಪಡೆದವು. ಮುಖದ ನಗು ಮಾತ್ರ ಅಗಲವಾಯಿತು. ಅವರ ದಿನನಿತ್ಯದ ಕಳವಳವೂ ಇನ್ನೊಂದು ಗುಂಪಿಗಿಂತ ತಗ್ಗಿತ್ತು. ಯಾರೂ ಹಿಮಾಲಯಕ್ಕೆ ಹೋಗಿರಲಿಲ್ಲ.

ಶ್ರವಣಬೆಳಗೊಳದ ಜನ ಹೇಳಿಕೊಂಡು ಬಂದಿರುವ ಕಥೆಯಲ್ಲೂ ಆಕಾರಗಳ ಇಂಥದೇ ಅದಲುಬದಲು ಇದೆ. ಮೂರ್ತಿ ಪೂರ್ಣಗೊಂಡ ಮೇಲೆ ಇಂಥದ್ದನ್ನು ಮಾಡಿಸಿದವನು ನಾನು ಎಂಬ ಹೆಮ್ಮೆ ಚಾವುಂಡರಾಯನ ತಲೆಗೇರಿತಂತೆ. ಮೊದಲ ಅಭಿಷೇಕಕ್ಕೆ ಅವನು ಕೊಡಗಟ್ಟಲೆ ಹಾಲು ಸುರಿಸಿದರೂ ಅದು ಮೂರ್ತಿಯ ನಾಭಿಯಿಂದ ಕೆಳಗೆ ಇಳಿಯಲಿಲ್ಲ. ಕೊನೆಗೆ ಮುದುಕಿಯೊಬ್ಬಳು ಗುಳ್ಳದ ಕಾಯಿಯ ಓಡಿನಲ್ಲಿ ತಂದಿದ್ದ ತೊಟ್ಟು ಹಾಲನ್ನು ಎರೆಯಿಸಿದಾಗ ಅದು ತಲೆಯಿಂದ ಪಾದದವರೆಗೂ ಹರಿದು ಬೆಟ್ಟವನ್ನೇ ತೋಯಿಸಿತು. ಆ ಗುಳ್ಳಕಾಯಜ್ಜಿಯ ಮೂರ್ತಿ ಪ್ರಾಕಾರದ ಬಾಗಿಲ ಹೊರಗೆ, ಗೊಮ್ಮಟನಿಗೆ ಎದುರಾಗಿ, ಕೈಯಲ್ಲಿ ಆ ಕಾಯಿಯನ್ನು ಹಿಡಿದು ನಿಂತಿದೆ. ಒಳಗೆ ಹೋಗುವಾಗ ಎಲ್ಲರ ಕಣ್ಣೂ ಮೇಲೆಯೇ ಇರುವುದರಿಂದ ಅವಳು ಹೆಚ್ಚಿನವರಿಗೆ ಕಾಣುವುದು ಹಿಂದಿರುಗಿ ಬರುವಾಗ.